ಮೊದಲು ಮಗು ಮಲಗುವ ಜಾಗ, ಆಮೇಲೆ ರೂಮಿನ ಬೆಲೆ

ಪ್ರಶ್ನೆ: ನಾವು ದಾವಣಗೆರೆಯವರು. ಮುಂದಿನ ಮೇ ತಿಂಗಳಲ್ಲಿ ಮೊದಲ ಸಲ ಯುರೋಪಿಗೆ ಹೊರಟಿದ್ದೇವೆ. ಪ್ಯಾರಿಸ್‌ನಲ್ಲಿ 4 ರಾತ್ರಿ, ಆಮೇಲೆ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ 5 ರಾತ್ರಿ. ನಾನು, ನನ್ನ ಗಂಡ, ಅತ್ತೆ, ಇಬ್ಬರು ಮಕ್ಕಳು. ಪ್ರವಾಸದ ನಡುವೆಯೇ ಮಗಳಿಗೆ 6 ವರ್ಷ ತುಂಬುತ್ತದೆ. ಮಗನಿಗೆ ಆಗ ಒಂದೂವರೆ ವರ್ಷ. ಆ್ಯಪ್‌ನಲ್ಲಿ ಮೂವರು ದೊಡ್ಡವರು ಅಂತ ಹಾಕಿದರೆ ಒಂದೇ ರೂಮ್ ಸಿಗುತ್ತದೆ. ಮಕ್ಕಳನ್ನು ಸೇರಿಸಿದ ಕೂಡಲೇ ಎರಡು ರೂಮ್ ತೋರಿಸುತ್ತದೆ, ಖರ್ಚು ಹೆಚ್ಚುಕಡಿಮೆ ಎರಡರಷ್ಟು. ನಮ್ಮ ಸಂಬಂಧಿಕರು ಮಕ್ಕಳ ವಿಷಯ ಹೇಳದೆ ಬುಕ್ ಮಾಡಿ, ಅಲ್ಲಿಗೆ ಹೋದ ಮೇಲೆ ಮ್ಯಾನೇಜ್ ಮಾಡಿದರಂತೆ. ನಾವೂ ಹಾಗೆ ಮಾಡಬಹುದಾ? ಹೋಟೆಲ್ ಒಳ್ಳೆಯದಾ, ಅಪಾರ್ಟ್‌ಮೆಂಟ್ ಒಳ್ಳೆಯದಾ? ಎಷ್ಟು ಮುಂಚೆ ಬುಕ್ ಮಾಡಬೇಕು?

ಉತ್ತರ: ಮಕ್ಕಳ ವಿಷಯ ಮುಚ್ಚಿಟ್ಟು ಬುಕ್ ಮಾಡಬೇಡಿ. ನಿಮ್ಮ ಸಂಬಂಧಿಕರಿಗೆ ಅದು ನಡೆದಿರಬಹುದು. ಅವತ್ತು ಕೌಂಟರಿನಲ್ಲಿ ಇದ್ದವರು ಒಪ್ಪಿಕೊಂಡರು, ಅಷ್ಟೇ. ನಿಮಗೆ ಸಿಗುವವರು ಒಪ್ಪದೇ ಇದ್ದರೆ ಮೂರು ದಾರಿ ಉಳಿಯುತ್ತದೆ. ಹೆಚ್ಚಿನ ಹಣ ಕೊಡಿ ಅನ್ನಬಹುದು. ಆ ದಿನದ ದರಕ್ಕೆ ಇನ್ನೊಂದು ರೂಮ್ ತಗೊಳ್ಳಿ ಅನ್ನಬಹುದು. ರೂಮ್ ಖಾಲಿ ಇಲ್ಲದಿದ್ದರೆ ಬೇರೆ ಕಡೆ ಹೋಗಿ ಅನ್ನಬಹುದು, ಕಟ್ಟಿದ ದುಡ್ಡು ವಾಪಸ್ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಸುಸ್ತಾದ ಮಕ್ಕಳನ್ನು, ವಯಸ್ಸಾದ ಅತ್ತೆಯನ್ನು ಲಾಬಿಯಲ್ಲಿ ಕೂರಿಸಿಕೊಂಡು ಈ ಮಾತುಕತೆ ಮಾಡುವ ಸ್ಥಿತಿ ಯಾರಿಗೂ ಬೇಡ.

ನಮ್ಮಲ್ಲಿ ರೂಢಿ ಬೇರೆ, ಅದಕ್ಕೇ ಈ ಗೊಂದಲ. ಊಟಿಗೋ ತಿರುಪತಿಗೋ ಹೋದಾಗ ಒಂದು ರೂಮ್ ಹಿಡಿದು, ಇನ್ನೊಂದು ಹಾಸಿಗೆ ಕೇಳಿ ನೆಲಕ್ಕೆ ಹಾಕಿಸಿಕೊಳ್ಳುತ್ತೇವೆ. ಐದು ಜನ ಆರಾಮಾಗಿ ಮಲಗುತ್ತೇವೆ. ಯಾರೂ ಏನೂ ಕೇಳುವುದಿಲ್ಲ. ಪ್ಯಾರಿಸ್‌ನಲ್ಲಿ ಒಂದೊಂದು ರೂಮಿಗೂ ಇಷ್ಟೇ ಜನ ಅಂತ ಮಿತಿ ಇರುತ್ತದೆ. ಬೆಂಕಿ ಅನಾಹುತದ ಸುರಕ್ಷತೆಯ ಲೆಕ್ಕವೂ ಅದರಲ್ಲಿ ಇದೆ, ಹಾಗಾಗಿ ಚೌಕಾಸಿಗೆ ಜಾಗ ಕಮ್ಮಿ. ನೆಲಕ್ಕೆ ಹಾಸಿಗೆ ಹಾಕಲು ನಿಜವಾಗಿಯೂ ಜಾಗ ಇರುವುದೂ ಇಲ್ಲ. ನಗರದ ನಡುವಿನ ಸಾಧಾರಣ ಹೋಟೆಲಿನಲ್ಲಿ ರೂಮ್ ಅಂದರೆ 12ರಿಂದ 18 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 130ರಿಂದ 190 ಚದರ ಅಡಿ. ಡಬಲ್ ಬೆಡ್ ಅಂದದ್ದು ಎಷ್ಟೋ ಕಡೆ ಬರೀ 140 ಸೆಂಟಿಮೀಟರ್ ಅಗಲ. ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ನಡೆದಾಡಲು ದಾರಿ ಉಳಿಯುವುದಿಲ್ಲ.

ಆದ್ದರಿಂದ ಆ್ಯಪ್ ತೆರೆಯುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಐದು ಜನರ ಹೆಸರು ಬರೆದು, ಪ್ರತಿಯೊಬ್ಬರ ಮುಂದೆ ರಾತ್ರಿ ಎಲ್ಲಿ, ಯಾರ ಪಕ್ಕ, ಎಂಥ ಹಾಸಿಗೆಯ ಮೇಲೆ ಮಲಗುತ್ತಾರೆ ಅಂತ ಬರೆಯಿರಿ. ಸ್ಟಾರ್, ಸ್ವಿಮ್ಮಿಂಗ್ ಪೂಲ್, ಐಫೆಲ್ ಟವರ್ ಕಾಣುವ ಕಿಟಕಿ ಎಲ್ಲ ಆಮೇಲೆ. ಚಿಕ್ಕ ಮಕ್ಕಳ ಜೊತೆ ಹೋಗುವಾಗ ನೀವು ದುಡ್ಡು ಕೊಡುತ್ತಿರುವುದು ನಿದ್ದೆಗೆ. ಮಗು ರಾತ್ರಿ ಸರಿಯಾಗಿ ಮಲಗದಿದ್ದರೆ ಮರುದಿನ ಯಾರಿಗೂ ಊರು ನೋಡುವ ಉತ್ಸಾಹ ಇರುವುದಿಲ್ಲ.

ನಿಮ್ಮ ಮನೆಯವರ ಮಟ್ಟಿಗೆ ನಾನು ಹೀಗೆ ಬರೆಯುತ್ತೇನೆ. ಮಗನಿಗೆ ಬೇಬಿ ಕಾಟ್, ಅಂದರೆ ಸುತ್ತ ಪಟ್ಟಿ ಇರುವ ಮಗುವಿನ ಪುಟ್ಟ ಮಂಚ. ಮನೆಯಲ್ಲಿ ನಿಮ್ಮ ಮಗ್ಗುಲಲ್ಲೇ ಮಲಗುವ ಅಭ್ಯಾಸ ಇದ್ದರೂ ಕಾಟ್ ಕೇಳಿ ಇಟ್ಟುಕೊಳ್ಳಿ. ಅಲ್ಲಿನ ಮಂಚ ಎತ್ತರ, ಕಿರಿದು, ಪಕ್ಕದಲ್ಲಿ ಗೋಡೆ ಇಲ್ಲದಿರಬಹುದು. ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಂದು ತೊಂದರೆ ಇದೆ. ಡಬಲ್ ಬೆಡ್ ಅಂದರೂ ಅದು ಒಂದೇ ಚೌಕಟ್ಟಿನಲ್ಲಿ ಪಕ್ಕಪಕ್ಕ ಇಟ್ಟ ಎರಡು ಬೇರೆ ಬೇರೆ ಹಾಸಿಗೆ ಆಗಿರುವುದು ಸಾಮಾನ್ಯ. ನಡುವೆ ಸಂದು. ಚಿಕ್ಕ ಮಗುವನ್ನು ಆ ಸಂದಿನ ಮೇಲೆ ಮಲಗಿಸಬಾರದು. ಹೊದಿಕೆಯೂ ದಪ್ಪ ರಜಾಯಿ, ಮಗುವಿಗೆ ಅದು ಬೇಡ. ಮನೆಯಿಂದ ಒಂದು ತೆಳು ಹತ್ತಿ ಹೊದಿಕೆ, ಬೆಚ್ಚಗಿನ ರಾತ್ರಿ ಉಡುಪು ತಗೊಂಡು ಹೋಗಿ.

ಮಗಳಿಗೆ ಸರಿಯಾದ ಹಾಸಿಗೆ ಬೇಕು. ಆರು ವರ್ಷದ ಮಗು ದೊಡ್ಡವರಿಬ್ಬರ ನಡುವೆ 140 ಸೆಂಟಿಮೀಟರ್ ಮಂಚದಲ್ಲಿ ನಾಲ್ಕು ರಾತ್ರಿ ಮಲಗಲು ಆಗುವುದಿಲ್ಲ. ಅತ್ತೆಯವರಿಗೆ ಸೋಫಾ ಬೆಡ್ ಬೇಡವೇ ಬೇಡ. ‘ಐದು ಜನ ಇರಬಹುದು’ ಅಂತ ಬರೆದಿರುವ ಬಹಳಷ್ಟು ಜಾಗಗಳಲ್ಲಿ ಆ ಐದರಲ್ಲಿ ಇಬ್ಬರು ಸೋಫಾ ಬೆಡ್ ಮೇಲೆ. ಮಕ್ಕಳಿಗೆ ಅದು ಸಾಕು, ಸೊಂಟ ನೋವಿರುವ ಹಿರಿಯರಿಗೆ ಕಷ್ಟ. ಫೋಟೋ ನೋಡಿ ನಂಬಬೇಡಿ, ಹಾಸಿಗೆಗಳ ಪಟ್ಟಿ ಓದಿ.

ಇನ್ನು ವಯಸ್ಸಿನ ಲೆಕ್ಕ. ಆ್ಯಪ್ ಮಕ್ಕಳ ವಯಸ್ಸು ಕೇಳುವುದು ಸುಮ್ನೆ ಅಲ್ಲ. ಹೆಚ್ಚಿನ ಹೋಟೆಲ್‌ಗಳಲ್ಲಿ ಎರಡು ವರ್ಷದ ಒಳಗಿನವರಿಗೆ ಕಾಟ್ ಇರುತ್ತದೆ, ಬೇರೆ ಹಾಸಿಗೆಯ ಲೆಕ್ಕ ಇರುವುದಿಲ್ಲ. ಅದರ ಮೇಲೆ ಒಂದೊಂದು ಹೋಟೆಲ್ ಒಂದೊಂದು ಗೆರೆ ಹಾಕಿಕೊಂಡಿದೆ. ಕೆಲವು ಕಡೆ 6, ಕೆಲವು ಕಡೆ 12, ಕೆಲವು ಕಡೆ 16. ಗೆರೆಯ ಒಳಗಿದ್ದರೆ ಉಚಿತ ಅಥವಾ ಕಮ್ಮಿ ದರ, ದಾಟಿದರೆ ದೊಡ್ಡವರ ದರ. ಆ್ಯಪ್‌ನಲ್ಲಿ ಹಾಕಬೇಕಾದದ್ದು ಬುಕ್ ಮಾಡುವ ದಿನದ ವಯಸ್ಸು ಅಲ್ಲ, ಅಲ್ಲಿ ಉಳಿಯುವ ದಿನದ ವಯಸ್ಸು. ನಿಮ್ಮ ಮಗಳಿಗೆ ಇದು ಮುಖ್ಯ. ಪ್ಯಾರಿಸ್‌ನಲ್ಲಿ 5, ಇಂಟರ್‌ಲಾಕೆನ್‌ನಲ್ಲಿ 6 ಆಗುವುದಾದರೆ ಎರಡು ಬುಕಿಂಗ್‌ನಲ್ಲೂ ಹಾಗೇ ಬೇರೆ ಬೇರೆ ಹಾಕಿ. ಚೆಕ್‌ಇನ್ ಮಾಡುವಾಗ ಎಲ್ಲರ ಪಾಸ್‌ಪೋರ್ಟ್ ಕೇಳಿದರೆ ಹುಟ್ಟಿದ ತಾರೀಖು ಅಲ್ಲೇ ಕಾಣುತ್ತದೆ. ಸ್ವಿಟ್ಜರ್ಲೆಂಡಿನ ರೈಲಿನಲ್ಲೂ 6 ಅನ್ನುವುದೇ ಗೆರೆ. ಅಲ್ಲಿಯವರೆಗೆ ಟಿಕೆಟ್ ಬೇಡ. 6 ತುಂಬಿದ ಮೇಲೆ ಅಪ್ಪ ಅಥವಾ ಅಮ್ಮನ ಹತ್ತಿರ ಸ್ವಿಸ್ ಟ್ರಾವೆಲ್ ಪಾಸ್ (ಪ್ರವಾಸಿಗರು ರೈಲು, ಬಸ್ಸಿನಲ್ಲಿ ಓಡಾಡಲು ಕೊಳ್ಳುವ ಪಾಸ್) ಇದ್ದರೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಮಗು 16 ತುಂಬುವವರೆಗೂ ಹಣ ಕೊಡದೆ ಓಡಾಡಬಹುದು. ಪಾಸ್ ತಗೊಳ್ಳುವಾಗಲೇ ಕೇಳಿ ಪಡೆಯಿರಿ.

ಮಕ್ಕಳ ನಿಯಮ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಹೋಟೆಲ್ ಪುಟದಲ್ಲಿ ಕೆಳಗೆ, ಮಕ್ಕಳು ಮತ್ತು ಹಾಸಿಗೆ ಅನ್ನುವ ಭಾಗದಲ್ಲಿ ಇರುತ್ತದೆ. ಕಾಟ್ ಉಚಿತವೋ, ದುಡ್ಡೋ, ಒಂದು ರೂಮಿಗೆ ಎಷ್ಟು, ಹೆಚ್ಚುವರಿ ಮಂಚ ಕೊಡುತ್ತಾರೋ ಇಲ್ಲವೋ ಎಲ್ಲ ಅಲ್ಲೇ. ‘ಮಕ್ಕಳು ಉಚಿತ’ ಅಂದರೆ ಸಾಮಾನ್ಯವಾಗಿ ಈಗಿರುವ ಹಾಸಿಗೆಯಲ್ಲೇ ಮಲಗಿದರೆ ಉಚಿತ ಅಂತ. ತಿಂಡಿ ಅದರಲ್ಲಿ ಸೇರಿರದೇ ಇರಬಹುದು.

ಈಗ ನಿಮ್ಮ ಎರಡು ಊರಿಗೆ ಬರೋಣ.

ಪ್ಯಾರಿಸ್‌ನಲ್ಲಿ ನೀವು ಎರಡು ರೂಮ್ ತಗೊಳ್ಳಿ. ಖರ್ಚು ಜಾಸ್ತಿ ಅನಿಸುತ್ತದೆ, ಗೊತ್ತು. ಆದರೆ ಮೂವರು ದೊಡ್ಡವರು, ಇಬ್ಬರು ಮಕ್ಕಳು ಒಟ್ಟಿಗೆ ಇರಬಹುದಾದ ಒಂದೇ ರೂಮ್ ಆ ಊರಿನಲ್ಲಿ ಅಪರೂಪ, ಸಿಕ್ಕರೂ ಅದರ ಬೆಲೆ ಎರಡು ಸಾಧಾರಣ ರೂಮಿಗೆ ಹತ್ತಿರ ಇರುತ್ತದೆ. ಒಂದರಲ್ಲಿ ನೀವಿಬ್ಬರು ಮತ್ತು ಕಾಟ್‌ನಲ್ಲಿ ಮಗ. ಇನ್ನೊಂದರಲ್ಲಿ ಅತ್ತೆ ಮತ್ತು ಮೊಮ್ಮಗಳು, ಬೇರೆ ಬೇರೆ ಮಂಚ. ಆ್ಯಪ್‌ನಲ್ಲೂ ಹೀಗೇ ಹಂಚಿ ಹಾಕಿ: ಮೊದಲ ರೂಮಿಗೆ ಇಬ್ಬರು ದೊಡ್ಡವರು, 1 ವರ್ಷದ ಮಗು. ಎರಡನೆಯದಕ್ಕೆ ಒಬ್ಬರು ದೊಡ್ಡವರು, ಒಂದು ಮಗು. ಐದು ಜನರನ್ನು ಒಟ್ಟಾಗಿ ಹಾಕಿ ಹುಡುಕಿದರೆ ಆ್ಯಪ್ ತನಗೆ ತೋಚಿದ ಹಾಗೆ ಹಂಚಿ, ಬೇಡದ ದೊಡ್ಡ ರೂಮನ್ನು ತೋರಿಸುತ್ತದೆ. ಬೇರೆ ಬೇರೆಯಾಗಿ ಹುಡುಕಿದಾಗ ಒಟ್ಟು ಬೆಲೆ ಇಳಿಯುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಆ ಎರಡು ರೂಮಿನ ನಡುವೆ ಒಳಬಾಗಿಲು ಇರಬೇಕು. ಇದಕ್ಕೆ ಕನೆಕ್ಟಿಂಗ್ ರೂಮ್ ಅನ್ನುತ್ತಾರೆ. ಪಕ್ಕಪಕ್ಕದ ರೂಮ್ ಬೇರೆ, ಕನೆಕ್ಟಿಂಗ್ ಬೇರೆ. ಬುಕಿಂಗ್ ಮಾಡುವಾಗ ‘ವಿಶೇಷ ಕೋರಿಕೆ’ ಅಂತ ಒಂದು ಖಾನೆ ಬರುತ್ತದಲ್ಲ, ಅದರಲ್ಲಿ ಬರೆದದ್ದು ಬರೀ ಕೋರಿಕೆ, ಒಪ್ಪಂದ ಅಲ್ಲ. ನಾನು ಪ್ರವಾಸ ಯೋಜಿಸಿಕೊಟ್ಟ ಒಂದು ಕುಟುಂಬ ಕೊನೆ ಗಳಿಗೆಯಲ್ಲಿ ತಾವೇ ಹೋಟೆಲ್ ಬದಲಾಯಿಸಿಕೊಂಡು, ಆ ಖಾನೆಯಲ್ಲಿ ಬರೆದು ಸುಮ್ಮನಾದರು. ಹೋಗಿ ನೋಡಿದರೆ ಒಂದು ರೂಮ್ ಎರಡನೇ ಮಹಡಿ, ಇನ್ನೊಂದು ಐದನೆಯದು. ಅಪ್ಪ ಒಂದು ಮಗುವಿನ ಜೊತೆ, ಅಮ್ಮ ಇನ್ನೊಂದರ ಜೊತೆ, ರಾತ್ರಿಯಿಡೀ ಲಿಫ್ಟಿನಲ್ಲಿ ಓಡಾಟ. ಹೋಟೆಲಿನವರ ತಪ್ಪೂ ಅದರಲ್ಲಿ ಇರಲಿಲ್ಲ, ಅವರು ಏನನ್ನೂ ಒಪ್ಪಿಕೊಂಡೇ ಇರಲಿಲ್ಲ.

ಹಾಗಾಗಿ ಬುಕ್ ಮಾಡಿದ ದಿನವೇ ಹೋಟೆಲಿಗೆ ನೇರವಾಗಿ ಒಂದು ಇಮೇಲ್ ಕಳಿಸಿ. ಸರಳ ಇಂಗ್ಲಿಷ್ ಸಾಕು. ಬುಕಿಂಗ್ ನಂಬರ್, ತಾರೀಖು, ಐದೂ ಜನರ ಹೆಸರು, ಮಕ್ಕಳ ವಯಸ್ಸು ಬರೆಯಿರಿ. ಆಮೇಲೆ ನೇರವಾಗಿ ಕೇಳಿ: ಎರಡು ರೂಮಿನ ನಡುವೆ ಒಳಬಾಗಿಲು ಇರುವುದು ಖಚಿತವೇ? ಮೊದಲ ರೂಮಿನಲ್ಲಿ ಕಾಟ್ ಇಟ್ಟ ಮೇಲೂ ನಡೆಯಲು ಜಾಗ ಇರುತ್ತದೆಯೇ? ಎರಡನೆಯದರಲ್ಲಿ ಎರಡು ಬೇರೆ ಮಂಚ ಇದೆಯೇ? ಲಿಫ್ಟ್ ಇದೆಯೇ, ಸ್ಟ್ರಾಲರ್ (ಮಗುವಿನ ತಳ್ಳುಗಾಡಿ) ಮಡಚದೆ ಒಳಗೆ ಹೋಗುತ್ತದೆಯೇ? ಈ ಕೊನೆಯದನ್ನು ಮರೆಯಬೇಡಿ. ಪ್ಯಾರಿಸ್‌ನ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ತೀರಾ ಚಿಕ್ಕದು, ಕೆಲವು ಕಡೆ ಇಲ್ಲವೇ ಇಲ್ಲ. ಬಂದ ಉತ್ತರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಒಂದು ಪ್ರಿಂಟ್ ಕೂಡ ಇರಲಿ. ಉತ್ತರ ಬರದಿದ್ದರೆ, ಅಥವಾ ‘ಪ್ರಯತ್ನಿಸುತ್ತೇವೆ’ ಅಂತ ಮಾತ್ರ ಬಂದರೆ, ಉಚಿತ ರದ್ದತಿಯ ಗಡುವು ಮುಗಿಯುವ ಮುಂಚೆ ಬೇರೆ ಹೋಟೆಲ್ ನೋಡಿ. ಹಿಲ್ಟನ್ ಸಮೂಹದ ಹೋಟೆಲ್‌ಗಳಲ್ಲಿ 2021ರಿಂದ ಕನೆಕ್ಟಿಂಗ್ ರೂಮನ್ನು ಬುಕ್ ಮಾಡುವಾಗಲೇ ಖಚಿತ ಮಾಡಿಕೊಳ್ಳುವ ವ್ಯವಸ್ಥೆ ಇದೆ. ಉಳಿದ ಬಹಳಷ್ಟು ಕಡೆ ಇಮೇಲ್ ಒಂದೇ ದಾರಿ.

ಪ್ಯಾರಿಸ್‌ನಲ್ಲಿ ಯಾವ ಏರಿಯಾ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಸ್ಟ್ರಾಲರ್ ಇದ್ದಾಗ ಅದು ಬೆಲೆಯಷ್ಟೇ ಮುಖ್ಯ. ಗಾರ್ ದ ಲಿಯೋನ್ ರೈಲು ನಿಲ್ದಾಣ, ಅದರ ಪಕ್ಕದ ಬೆರ್ಸಿ, ಈ ಭಾಗ ನೋಡಿ. ಪ್ಯಾರಿಸ್ ಮೆಟ್ರೋ ಬಹುಪಾಲು ಹಳೆಯದು, ಹೆಚ್ಚಿನ ನಿಲ್ದಾಣಗಳಲ್ಲಿ ಮೆಟ್ಟಿಲೇ ಗತಿ. ಎಲ್ಲ ನಿಲ್ದಾಣದಲ್ಲೂ ಲಿಫ್ಟ್ ಇರುವ ಲೈನ್ ಅಂದರೆ 14ನೆಯದು, ಅದು ಗಾರ್ ದ ಲಿಯೋನ್ ಮೂಲಕವೇ ಹೋಗುತ್ತದೆ. ಮಕ್ಕಳನ್ನು ಡಿಸ್ನಿಲ್ಯಾಂಡಿಗೆ ಕರೆದುಕೊಂಡು ಹೋಗದೆ ಬರುವುದಿಲ್ಲ ಅಲ್ವಾ? ಅಲ್ಲಿಗೆ ಹೋಗುವ ಆರ್‌ಇಆರ್ ಎ ರೈಲೂ ಇಲ್ಲೇ ಸಿಗುತ್ತದೆ, ಬದಲಾಯಿಸದೆ ಮುಕ್ಕಾಲು ಗಂಟೆಯ ಒಳಗೆ ಮುಟ್ಟುತ್ತೀರಿ. ಐದನೇ ದಿನ ಸ್ವಿಟ್ಜರ್ಲೆಂಡಿಗೆ ಹೊರಡುವ ಟಿಜಿವಿ ಲಿರಿಯಾ ರೈಲು ಕೂಡ ಇದೇ ನಿಲ್ದಾಣದಿಂದ. ಬಾಸೆಲ್‌ಗೆ ಸುಮಾರು 3 ಗಂಟೆ, ಅಲ್ಲಿಂದ ಇಂಟರ್‌ಲಾಕೆನ್‌ಗೆ ಇನ್ನು 2 ಗಂಟೆ. ಬೆಳಗ್ಗೆ ಸಾಮಾನು, ಮಕ್ಕಳು, ಅತ್ತೆ ಎಲ್ಲರನ್ನೂ ಹೊರಡಿಸಿಕೊಂಡು ಊರು ದಾಟಿ ನಿಲ್ದಾಣಕ್ಕೆ ಓಡುವ ಕಷ್ಟ ಇರುವುದಿಲ್ಲ. ದೋಸೆ, ಅನ್ನ ಸುಲಭವಾಗಿ ಸಿಗುತ್ತದೆ ಅಂತ ನಮ್ಮವರು ಗಾರ್ ದ್ಯು ನೋರ್ ಅನ್ನುವ ಇನ್ನೊಂದು ರೈಲು ನಿಲ್ದಾಣದ ಸುತ್ತ ಹುಡುಕುತ್ತಾರೆ. ಶ್ರೀಲಂಕಾ ತಮಿಳರ ಅಂಗಡಿಗಳು ಅದರ ಹತ್ತಿರದ ಲಾ ಶಾಪೆಲ್ ಕಡೆ ಇರುವುದು ನಿಜ. ಊಟಕ್ಕೆ ಒಂದು ಸಂಜೆ ಹೋಗಿ ಬನ್ನಿ. ಮಲಗಲು ಆ ಗದ್ದಲ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಈ ಭಾಗದಲ್ಲಿ ನೊವೊಟೆಲ್ ಹೋಟೆಲ್‌ಗಳಿವೆ. ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿಯ ರೂಮಿನಲ್ಲೇ ಇರುವ 16ರ ಒಳಗಿನ ಇಬ್ಬರು ಮಕ್ಕಳಿಗೆ ವಾಸ್ತವ್ಯ, ತಿಂಡಿ ಉಚಿತ ಅನ್ನುವುದು ಅವರ ಹಳೆಯ ಪದ್ಧತಿ. ಅತ್ತೆ ಮತ್ತು ಮೊಮ್ಮಗಳ ರೂಮಿಗೆ ಇದು ಚೆನ್ನಾಗಿ ಹೊಂದುತ್ತದೆ. ನೀವು ನೋಡುತ್ತಿರುವ ದರಕ್ಕೆ ಅನ್ವಯಿಸುತ್ತದೋ ಅಂತ ಪುಟದಲ್ಲಿ ಓದಿ ಖಚಿತ ಮಾಡಿಕೊಳ್ಳಿ. ಬೆರ್ಸಿಯಲ್ಲಿ ಅದಾಜಿಯೋ ಅನ್ನುವ ಅಪಾರ್ಟ್‌ಹೋಟೆಲ್ ಕೂಡ ಇದೆ: ಹೋಟೆಲಿನ ಹಾಗೆ ರಿಸೆಪ್ಷನ್, ಮನೆಯ ಹಾಗೆ ಪುಟ್ಟ ಅಡುಗೆ ಕಟ್ಟೆ. ಅತ್ತೆಯವರಿಗೆ ದಿನಕ್ಕೊಮ್ಮೆ ಅನ್ನ ಆಗಲೇಬೇಕು ಅಂದರೆ ಇದನ್ನು ನೋಡಿ.

ಖಾಸಗಿ ಫ್ಲಾಟ್ ಬಗ್ಗೆ ನನಗೆ ಪ್ಯಾರಿಸ್ ಮಟ್ಟಿಗೆ ಒಲವು ಕಮ್ಮಿ. ಬಾಡಿಗೆಗೆ ಕೊಡುವ ಫ್ಲಾಟ್‌ಗೆ ಪಾಲಿಕೆಯ ನೋಂದಣಿ ಸಂಖ್ಯೆ ಇರಬೇಕು, ಜಾಹೀರಾತಿನಲ್ಲಿ ಅದು ಕಾಣಬೇಕು. ಇಲ್ಲದಿದ್ದರೆ ಮುಟ್ಟಬೇಡಿ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಬೀಗದ ಕೈ ಎಲ್ಲೋ ಒಂದು ಡಬ್ಬಿಯಲ್ಲಿ, ಬಿಸಿನೀರು ಬರದಿದ್ದರೆ ಕೇಳಲು ಯಾರೂ ಇಲ್ಲ. ಚಿಕ್ಕ ಮಗು ಇರುವವರಿಗೆ ಮೊದಲ ಪ್ರವಾಸದಲ್ಲಿ ರಾತ್ರಿ ಹೊತ್ತು ಕೂಡ ಒಬ್ಬರು ಕೌಂಟರಿನಲ್ಲಿ ಇರುವ ಜಾಗವೇ ಸರಿ.

ಇಂಟರ್‌ಲಾಕೆನ್ ವಿಷಯದಲ್ಲಿ ಮಾತ್ರ ನಾನು ಅಪಾರ್ಟ್‌ಮೆಂಟ್ ಪರ. ಐದು ರಾತ್ರಿ ಒಂದೇ ಕಡೆ ಇರುತ್ತೀರಿ. ಎರಡು ಮಲಗುವ ಕೋಣೆ, ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಇರುವ ಜಾಗ ಸಿಕ್ಕರೆ ಎಲ್ಲರಿಗೂ ನೆಮ್ಮದಿ. ಸ್ವಿಟ್ಜರ್ಲೆಂಡಿನಲ್ಲಿ ಹೊರಗಿನ ಊಟ ತುಂಬಾ ದುಬಾರಿ. ದಿನಕ್ಕೆ ಒಂದು ಹೊತ್ತು ಮನೆಯಲ್ಲೇ ಅನ್ನ ಸಾರು ಮೊಸರು ಆದರೂ ರೂಮಿಗೆ ಕೊಟ್ಟ ಹೆಚ್ಚಿನ ಹಣ ಸಾಕಷ್ಟು ವಾಪಸ್ ಬಂದ ಹಾಗೆ. ಬೆಲೆ ಹೋಲಿಸುವಾಗ ಕೊನೆಯಲ್ಲಿ ಸೇರಿಸುವ ಶುಚಿ ಮಾಡುವ ಶುಲ್ಕ, ಪ್ರವಾಸಿ ತೆರಿಗೆ ಎಲ್ಲ ಕೂಡಿಸಿದ ಮೊತ್ತ ನೋಡಿ. ಕೆಲವು ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುತ್ತಾರೆ, ಅಂಥವು ನಿಮಗೆ ಆಗುವುದಿಲ್ಲ. ಒಲೆ ವಿದ್ಯುತ್ತಿನದು. ಒಗ್ಗರಣೆ ಹಾಕುವಾಗ ಕಿಟಕಿ ತೆರೆದು, ಚಿಮಣಿ ಹಾಕಿ, ಎಣ್ಣೆ ಹೊಗೆಯಾಡದ ಹಾಗೆ ನೋಡಿಕೊಳ್ಳಿ. ಹೊಗೆ ಪತ್ತೆ ಮಾಡುವ ಅಲಾರಂ ಹೊಡೆದುಕೊಂಡರೆ ಮಕ್ಕಳು ಬೆಚ್ಚಿಬೀಳುತ್ತಾರೆ, ಅಗ್ನಿಶಾಮಕದವರು ಬಂದರೆ ದಂಡವೂ ಬೀಳಬಹುದು. ಹೋಟೆಲ್ ರೂಮಿನಲ್ಲಂತೂ ಕುಕ್ಕರ್ ಹಚ್ಚಲೇಬೇಡಿ.

ಇನ್ನೊಂದು ಮಾತು. ಸ್ವಿಟ್ಜರ್ಲೆಂಡಿನಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ರೈಲು ನಿಲ್ದಾಣದ ಕೆಲವು ಅಂಗಡಿಗಳಂಥವನ್ನು ಬಿಟ್ಟರೆ. ಭಾನುವಾರ ಸಂಜೆ ಮುಟ್ಟುವ ಹಾಗೆ ರಾತ್ರಿಗಳನ್ನು ಜೋಡಿಸಿದ್ದರೆ ಮಗುವಿನ ಹಾಲು, ಡೈಪರ್ ಪ್ಯಾರಿಸ್‌ನಿಂದಲೇ ತಗೊಂಡು ಹೋಗಿ.

ಅಪಾರ್ಟ್‌ಮೆಂಟ್ ಸಿಗದಿದ್ದರೆ ಇಂಟರ್‌ಲಾಕೆನ್ ಓಸ್ಟ್ ನಿಲ್ದಾಣದ ಪಕ್ಕದಲ್ಲೇ ಇರುವ ಯೂತ್ ಹಾಸ್ಟೆಲ್ ನೋಡಿ. ಹಾಸ್ಟೆಲ್ ಅಂದ ಕೂಡಲೇ ವಿದ್ಯಾರ್ಥಿಗಳದ್ದು ಅಂತ ನಮ್ಮವರು ದೂರ ಸರಿಯುತ್ತಾರೆ. ಸ್ವಿಸ್ ಯೂತ್ ಹಾಸ್ಟೆಲ್‌ಗಳಲ್ಲಿ ಕುಟುಂಬಕ್ಕೇ ಬೇರೆ ರೂಮ್ ಇರುತ್ತದೆ, ಶುಚಿಯಾಗಿರುತ್ತದೆ, ತಿಂಡಿ ಬೆಲೆಯಲ್ಲೇ ಸೇರಿರುತ್ತದೆ. ಮಂಚಗಳು ಮಾತ್ರ ಒಂದರ ಮೇಲೊಂದು. ಮೇಲಿನ ಮಂಚ ಆರು ವರ್ಷದ ಒಳಗಿನವರಿಗೆ ಅಲ್ಲ ಅನ್ನುವುದು ಯುರೋಪಿನ ನಿಯಮ. ನಿಮ್ಮ ಮಗಳು ಆರು ತುಂಬಿತು ಅಂತ ಹಟ ಹಿಡಿದರೂ ಹೊಸ ಜಾಗದಲ್ಲಿ ಕೆಳಗಿನ ಮಂಚವೇ ಇರಲಿ. ಬಾತ್‌ರೂಮ್ ಒಳಗೇ ಇರುವ ರೂಮನ್ನು ಕೇಳಿ ತಗೊಳ್ಳಿ. ಇಂಟರ್‌ಲಾಕೆನ್‌ನಲ್ಲಿ ಎಲ್ಲೇ ಉಳಿದರೂ ಅತಿಥಿ ಕಾರ್ಡ್ ಕೊಡುತ್ತಾರೆ, ಅದರಲ್ಲಿ ಊರಿನ ಬಸ್ ಉಚಿತ. ಹತ್ತಿರದ ಬೆಟ್ಟದ ಮೇಲಿನ ವೆಂಗೆನ್, ಮ್ಯೂರೆನ್ ಊರುಗಳು ಚಂದ. ಆದರೆ ಮೇ ತಿಂಗಳಲ್ಲಿ ಅಲ್ಲಿನ ಎಷ್ಟೋ ಹೋಟೆಲ್‌ಗಳು ಎರಡು ಸೀಸನ್‌ಗಳ ನಡುವಿನ ರಜೆಯಲ್ಲಿ ಮುಚ್ಚಿರುತ್ತವೆ.

ಮೊದಲ ದಿನದ ಬಗ್ಗೆ ಮುಂಚೆಯೇ ಯೋಚಿಸಿ. ಭಾರತದಿಂದ ರಾತ್ರಿ ಹೊರಟ ವಿಮಾನ ಪ್ಯಾರಿಸ್‌ಗೆ ಬೆಳಗ್ಗೆ ಇಳಿಯುತ್ತದೆ. ಚೆಕ್‌ಇನ್ ಮಧ್ಯಾಹ್ನ 2 ಅಥವಾ 3 ಗಂಟೆಗೆ. ನಡುವಿನ ಅಷ್ಟೂ ಹೊತ್ತು ಮಕ್ಕಳನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ? ಬೇಗ ರೂಮ್ ಕೊಡಲು ಎಷ್ಟು ಹಣ ಅಂತ ಅದೇ ಇಮೇಲಿನಲ್ಲಿ ಕೇಳಿ. ಒಂದು ರೂಮ್ ಆದರೂ ಬೇಗ ಸಿಕ್ಕರೆ ಸಾಕು, ಅತ್ತೆ ಮತ್ತು ಮಕ್ಕಳು ಮಲಗಬಹುದು. ಅದೂ ಆಗದಿದ್ದರೆ ಹಿಂದಿನ ರಾತ್ರಿಯಿಂದಲೇ ಒಂದು ರೂಮ್ ಬುಕ್ ಮಾಡಿ, ಬೆಳಗ್ಗೆ ಬರುತ್ತೇವೆ ಅಂತ ಬರೆದು ತಿಳಿಸುವುದು ಕೂಡ ಒಂದು ದಾರಿ. ತಿಳಿಸದೆ ಇದ್ದರೆ ನೀವು ಬರಲೇ ಇಲ್ಲ ಅಂತ ಪೂರ್ತಿ ಬುಕಿಂಗ್ ರದ್ದು ಮಾಡಿಬಿಡುವ ಅಪಾಯ ಇದೆ. ವಿಮಾನ ನಿಲ್ದಾಣದಿಂದ ಐದು ಜನರಿಗೆ ಸಾಮಾನ್ಯ ಟ್ಯಾಕ್ಸಿ ಸಾಲುವುದಿಲ್ಲ, ಮಗುವೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ವ್ಯಾನ್ ಮೊದಲೇ ಹೇಳಿಡಿ, ಚೈಲ್ಡ್ ಸೀಟ್ ಸಮೇತ.

ಮೇ ತಿಂಗಳಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಮನೆಯಲ್ಲಿ ಬೆಳಗ್ಗೆ ಆರೂವರೆಗೆ ಏಳುವ ಮಗ ಅಲ್ಲಿ ಮೊದಲ ಒಂದೆರಡು ದಿನ ರಾತ್ರಿ 3ಕ್ಕೇ ಎದ್ದು ಕೂರುತ್ತಾನೆ. ಸಂಜೆ ನಿದ್ದೆಗೆ ಜೋಲುತ್ತಾನೆ, ಆದರೆ ಹೊರಗೆ ರಾತ್ರಿ 9 ಗಂಟೆಯವರೆಗೂ ಬೆಳಕು. ಅದಕ್ಕೇ ಬೆಳಕು ಪೂರ್ತಿ ತಡೆಯುವ ಪರದೆ ಇದೆಯೇ ಅಂತ ಕೇಳುವುದು, ರಸ್ತೆ ಕಡೆಗಲ್ಲದೆ ಒಳ ಅಂಗಳದ ಕಡೆಯ ರೂಮ್ ಕೇಳುವುದು. ಎರಡು ರೂಮ್ ಇದ್ದರೆ ಒಬ್ಬರು ಮಗನ ಜೊತೆ ಎದ್ದಿರಬಹುದು, ಉಳಿದವರು ಮಲಗಿರಬಹುದು. ಬಿಸಿನೀರಿನ ಕೆಟಲ್ ಎಲ್ಲ ರೂಮಿನಲ್ಲೂ ಇರುವುದಿಲ್ಲ. ಹಾಲು ಕಲಸಲು ಬೇಕೇ ಬೇಕು ಅಂದರೆ ಚಿಕ್ಕದೊಂದನ್ನು ಒಯ್ಯಿರಿ. ಎರಡು ಪಿನ್ ಇರುವ ನಮ್ಮ ಪ್ಲಗ್ ಎರಡೂ ದೇಶದಲ್ಲಿ ಕೂರುತ್ತದೆ. ಮೂರು ಪಿನ್‌ನದಕ್ಕೆ ಅಡಾಪ್ಟರ್ ಬೇಕು, ಫ್ರಾನ್ಸಿನ ಮೂರು ಪಿನ್ ಅಡಾಪ್ಟರ್ ಸ್ವಿಟ್ಜರ್ಲೆಂಡಿನಲ್ಲಿ ನಡೆಯುವುದಿಲ್ಲ.

ರೂಮಿಗೆ ಕಾಲಿಟ್ಟ ಕೂಡಲೇ ಮಗನನ್ನು ಕೆಳಗೆ ಬಿಡುವ ಮುಂಚೆ ಕಿಟಕಿ, ಬಾಲ್ಕನಿ ನೋಡಿ. ಹಳೆಯ ಕಟ್ಟಡಗಳಲ್ಲಿ ಕಿಟಕಿ ನೆಲಕ್ಕೆ ಹತ್ತಿರ ಇದ್ದು ಪೂರ್ತಿ ತೆರೆದುಕೊಳ್ಳುತ್ತದೆ. ಕೆಳಗೆ ಕುರ್ಚಿ, ಸೂಟ್‌ಕೇಸ್ ಇಡಬೇಡಿ. ಕಾಟ್‌ನ ಪಟ್ಟಿ ಗಟ್ಟಿಯಾಗಿದೆಯಾ, ಹಾಸಿಗೆ ಚೌಕಟ್ಟಿಗೆ ಸರಿಯಾಗಿ ಕೂತಿದೆಯಾ ಅಂತ ಕೈಯಿಂದ ಒತ್ತಿ ನೋಡಿ. ಹೋಟೆಲ್ ಬಾಗಿಲು ಎಳೆದುಕೊಂಡ ಕೂಡಲೇ ತಾನಾಗಿ ಲಾಕ್ ಆಗುತ್ತದೆ. ನೀವು ಒಂದು ಹೆಜ್ಜೆ ಹೊರಗೆ ಇಟ್ಟು, ಒಳಗೆ ಮಗು ಒಂದೇ ಉಳಿಯುವುದು ಕ್ಷಣದಲ್ಲಿ ಆಗಿಹೋಗುತ್ತದೆ. ಕಾರ್ಡ್ ಸದಾ ಮೈಮೇಲೆ ಇರಲಿ. ಅತ್ತೆಯವರಿಗೂ ಕಾರ್ಡ್ ಬಳಸುವುದು, ನಿಮ್ಮ ರೂಮಿಗೆ ಫೋನ್ ಮಾಡುವುದು, ನಲ್ಲಿಯಲ್ಲಿ ಬಿಸಿನೀರು ತಣ್ಣೀರು ತಿರುಗಿಸುವುದು ಮೊದಲ ದಿನವೇ ಮಾಡಿಸಿ ತೋರಿಸಿ. ಬಕೆಟ್, ಮಗ್ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಮಗ್ ಒಯ್ದರೆ ಅಜ್ಜಿಗೂ ಮೊಮ್ಮಕ್ಕಳಿಗೂ ಅನುಕೂಲ.

ವೀಸಾಗೂ ರೂಮ್ ಬುಕಿಂಗ್‌ಗೂ ನೇರ ಸಂಬಂಧ ಇದೆ. ಷೆಂಗೆನ್ ವೀಸಾಗೆ (ಫ್ರಾನ್ಸ್, ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಿಮ್ಮ ಲೆಕ್ಕದಲ್ಲಿ 5 ರಾತ್ರಿ ಇರುವ ಸ್ವಿಟ್ಜರ್ಲೆಂಡ್. ಅರ್ಜಿ ಹಾಕಿದ ಮೇಲೆ ಪ್ಯಾರಿಸ್‌ಗೆ ಎರಡು ರಾತ್ರಿ ಜಾಸ್ತಿ ಮಾಡಿಕೊಳ್ಳೋಣ ಅನ್ನಬೇಡಿ. ಬುಕಿಂಗ್ ಪತ್ರದಲ್ಲಿ ಮಕ್ಕಳೂ ಸೇರಿ ಐದು ಜನರ ಹೆಸರು ಇರಬೇಕು. ಮಕ್ಕಳನ್ನು ಬಿಟ್ಟು ಬುಕ್ ಮಾಡಿದರೆ ಅರ್ಜಿಯ ಜೊತೆ ಇಡುವ ಕಾಗದದಲ್ಲೇ ತಾಳೆ ತಪ್ಪುತ್ತದೆ. ವೀಸಾ ಸಿಗುವವರೆಗೆ ಉಚಿತ ರದ್ದತಿ ಇರುವ ದರವನ್ನೇ ತಗೊಳ್ಳಿ. ಬೆಲೆ ತುಸು ಜಾಸ್ತಿ ಆದರೂ ಪರವಾಗಿಲ್ಲ, ಮಗುವಿಗೆ ಜ್ವರ ಬಂದು ತಾರೀಖು ಮುಂದೆ ಹಾಕಬೇಕಾದಾಗಲೂ ಅದು ಕಾಯುತ್ತದೆ. ಗಡುವು ಆ ಊರಿನ ಸಮಯದ ಲೆಕ್ಕ ಅನ್ನುವುದು ನೆನಪಿರಲಿ. ವೀಸಾಗೆ ಅಂತ ಡಮ್ಮಿ ಬುಕಿಂಗ್ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಸುಳ್ಳು ಕಾಗದ ಅಂತ ಗೊತ್ತಾದರೆ ಐದು ಜನರ ವೀಸಾವೂ ಹೋಗುತ್ತದೆ.

ಕಾರ್ಡ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿದ್ದೀರಾ ನೋಡಿ. ಅದು ಆಫ್ ಇದ್ದು ಹೋಟೆಲಿನವರ ಪರೀಕ್ಷಾ ವಹಿವಾಟು ವಿಫಲವಾದರೆ ಬುಕಿಂಗ್ ರದ್ದಾಗಬಹುದು. ಕೌಂಟರಿನಲ್ಲಿ ರೂಪಾಯಿಯಲ್ಲಿ ಕಟ್ಟುತ್ತೀರಾ ಅಂತ ಮೆಷಿನ್ ಕೇಳಿದರೆ ಯೂರೋ ಅಥವಾ ಫ್ರಾಂಕ್ ಅನ್ನೇ ಒತ್ತಿ, ರೂಪಾಯಿಯ ದರ ಬಹುತೇಕ ಯಾವಾಗಲೂ ದುಬಾರಿ. ಫ್ರಾನ್ಸಿನ ಪ್ರವಾಸಿ ತೆರಿಗೆ 18ರ ಒಳಗಿನವರಿಗೆ ಇಲ್ಲ. ಬಿಲ್‌ನಲ್ಲಿ ಮಕ್ಕಳನ್ನು ಸೇರಿಸಿದ್ದಾರಾ ಅಂತ ಒಮ್ಮೆ ಕಣ್ಣಾಡಿಸಿ.

ಬೇರೆ ದೇಶಕ್ಕೆ ಹೊರಟ ಓದುಗರಿಗೂ ಎರಡು ಮಾತು. ಬ್ರಿಟನ್ನಿನಲ್ಲಿ ಹೋಟೆಲ್ ಸಮೂಹವಾದ ಪ್ರೀಮಿಯರ್ ಇನ್‌ನ ಫ್ಯಾಮಿಲಿ ರೂಮ್ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ಅಂತಲೇ ಮಾಡಿದ್ದು. ಸಿಂಗಪುರದಲ್ಲಿ ಖಾಸಗಿ ಫ್ಲಾಟ್‌ಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದು ಕಾನೂನುಬಾಹಿರ, ಆದ್ದರಿಂದ ಹೋಟೆಲ್ ಅಥವಾ ಪರವಾನಗಿ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ಮಾತ್ರ ನೋಡಿ. ಜಪಾನಿನಲ್ಲಿ ಬೆಲೆ ರೂಮಿಗಲ್ಲ, ತಲೆಗೆ ಇಷ್ಟು ಅಂತ ಇರುವುದು ಸಾಮಾನ್ಯ. ಶಾಲೆಗೆ ಸೇರದ ಮಕ್ಕಳು ಅಪ್ಪ ಅಮ್ಮನ ಹಾಸಿಗೆಯಲ್ಲಿ ಮಲಗಿದರೆ ಬಹಳಷ್ಟು ಕಡೆ ಉಚಿತ. ಚಾಪೆಯ ನೆಲದ ಮೇಲೆ ಹಾಸಿಗೆ ಹಾಸಿಕೊಡುವ ಅಲ್ಲಿನ ರೂಮ್‌ಗಳು ನಮ್ಮ ಕುಟುಂಬಗಳಿಗೆ ತುಂಬಾ ಹೊಂದುತ್ತವೆ, ಮಗು ಮಂಚದಿಂದ ಬೀಳುವ ಭಯವೇ ಇಲ್ಲ.

ಎಷ್ಟು ಮುಂಚೆ ಅಂದಿರಿ. ನಿಮಗೆ ಐದಾರು ತಿಂಗಳು ಮುಂಚೆ, ಅಂದರೆ ಡಿಸೆಂಬರ್ ಒಳಗೆ ಎರಡೂ ಬುಕಿಂಗ್ ಆಗಿರಲಿ. ಷೆಂಗೆನ್ ವೀಸಾಗೆ ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಅದಕ್ಕೂ ಇದು ಹೊಂದುತ್ತದೆ. ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ 1 ಮತ್ತು 8ನೇ ತಾರೀಖು ರಜೆ, ಕ್ರೈಸ್ತರ ಅಸೆನ್ಷನ್ ಹಬ್ಬವೂ ಹೆಚ್ಚಾಗಿ ಅದೇ ತಿಂಗಳು ಬೀಳುತ್ತದೆ. ಕೊನೆಯ ವಾರದಿಂದ ಫ್ರೆಂಚ್ ಓಪನ್ ಟೆನಿಸ್. ಒಳಬಾಗಿಲು ಇರುವ ರೂಮ್‌ಗಳು ಒಂದು ಹೋಟೆಲಿನಲ್ಲಿ ಕೆಲವೇ ಇರುತ್ತವೆ, ಮೊದಲು ಹೋಗುವುದೂ ಅವೇ. ಹೊರಡುವ ಒಂದು ವಾರ ಮುಂಚೆ ಎರಡು ಕಡೆಗೂ ಇನ್ನೊಂದು ಚಿಕ್ಕ ಇಮೇಲ್ ಹಾಕಿ: ಇಷ್ಟು ಗಂಟೆಗೆ ಬರುತ್ತೇವೆ, ಕಾಟ್ ರೂಮಿನಲ್ಲೇ ಇಟ್ಟಿರಿ, ಒಳಬಾಗಿಲಿನ ಬೀಗ ತೆಗೆದಿಡಿ.